ಹೇಳಿದ್ದಷ್ಟೇ ಮಾಡುವ ಗುಮಾಸ್ತ

ನಾನು ಬರೆದದ್ದನ್ನು ಒಂದಕ್ಷರ ಬಿಡದೆ ಓದುವ ಓದುಗ ಈ ಜಗತ್ತಿನಲ್ಲಿ ಒಬ್ಬನೇ. ಅವನು ಮನುಷ್ಯನಲ್ಲ ಅನ್ನುವುದೊಂದೇ ಬೇಜಾರು.

ಲೆಕ್ಕಪತ್ರದ ಸಾಫ್ಟ್‌ವೇರಿನಲ್ಲಿ ಕೂತಿರುವ ಎಐ ಸಹಾಯಕನಿಗೆ ಟೂಲ್‌ಗಳ ವಿವರಣೆ ಬರೆಯುವುದು ನನ್ನ ಕೆಲಸ. ಇನ್‌ವಾಯ್ಸ್ ಹುಡುಕಲು ಒಂದು ಟೂಲ್, ಪಾವತಿ ದಾಖಲಿಸಲು ಇನ್ನೊಂದು, ಹೀಗೆ. ಒಳಗಿನ ಕೋಡ್ ಎಐಗೆ ಕಾಣುವುದಿಲ್ಲ. ಟೂಲಿನ ಹೆಸರು, ಕೆಲವು ಸಾಲಿನ ವಿವರಣೆ, ಏನೇನು ತುಂಬಬೇಕು ಅನ್ನುವ ಪಟ್ಟಿ, ಅದರ ಕಣ್ಣಿಗೆ ಬೀಳುವುದು ಇಷ್ಟೇ. 2024ರ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ (ಎಐಗೆ ಹೊರಗಿನ ಟೂಲ್ ಜೋಡಿಸುವ ಒಂದು ಸಾಮಾನ್ಯ ಕಟ್ಟಳೆ) ಬಂದ ಮೇಲೆ ಟೂಲ್ ಜೋಡಿಸುವುದು ಸಲೀಸಾಯಿತು. ಜೋಡಿಸುವವರು ಜಾಸ್ತಿಯಾದರು. ವಿವರಿಸುವವರು ಮಾತ್ರ ಇದ್ದಷ್ಟೇ ಇದ್ದಾರೆ.

ಕೋಡ್ ಬರೆದ ಹುಡುಗರನ್ನು ವಿವರಣೆ ಕೇಳಿ ನೋಡಿ. ‘ಪಾವತಿ ದಾಖಲಿಸುತ್ತದೆ’ ಅಂತ ಎರಡು ಪದ ಗೀಚಿ ಊಟಕ್ಕೆ ಎದ್ದು ಹೋಗುತ್ತಾರೆ. “ಹೆಸರಲ್ಲೇ ಇದೆಯಲ್ಲ ಸಾರ್, ಇನ್ನೇನು ಬರೀಬೇಕು?” ಹೆಸರು ‘ರೆಕಾರ್ಡ್ ಪೇಮೆಂಟ್’. ಯಾರ ಪಾವತಿ? ನಮಗೆ ಬಂದದ್ದೋ, ನಾವು ಕೊಟ್ಟದ್ದೋ? ಬ್ಯಾಂಕಿನಿಂದ ನಿಜವಾಗಿ ದುಡ್ಡು ಹೋಗುತ್ತದೋ, ಪುಸ್ತಕದಲ್ಲಿ ಬರೆದುಕೊಳ್ಳುವುದಷ್ಟೆಯೋ? ಹುಡುಗನಿಗೆ ಎಲ್ಲ ಗೊತ್ತು. ಕೋಡ್ ಬರೆದವನೇ ಅವನು, ಗೊತ್ತಿರದೆ ಏನು.

ಆ ಎರಡು ಪದದ ಪ್ರತಾಪ ಕೇಳಿ. ಪರೀಕ್ಷೆಗೆಂದು ಸೃಷ್ಟಿಸಿದ ಸುಳ್ಳು ಕಂಪನಿಯಲ್ಲಿ (ಪುಣ್ಯಕ್ಕೆ ಸುಳ್ಳು ಕಂಪನಿ) ಒಂದು ಪಾವತಿ ದಾಖಲಿಸಲು ಎಐಗೆ ಹೇಳಿದೆವು. ಸರ್ವರ್ ತೂಕಡಿಸುತ್ತಿತ್ತು. ಪಾವತಿ ಒಳಗೆ ದಾಖಲಾಯಿತು, ಆದರೆ ಆ ಸುದ್ದಿ ಹೊತ್ತಿಗೆ ಸರಿಯಾಗಿ ಬರದೆ ಎಐಗೆ ಸಿಕ್ಕ ಉತ್ತರ ‘ಟೈಮ್‌ಔಟ್’. ಪಾಪ, ಅದು ಮತ್ತೆ ದಾಖಲಿಸಿತು. ಮತ್ತೆ ಟೈಮ್‌ಔಟ್. ಮತ್ತೆ ದಾಖಲಿಸಿತು. ನಮಗೆ ಬಾಕಿ ಕೊಡಬೇಕಾಗಿದ್ದ ಗಿರಾಕಿಗೆ ಈಗ ನಾವೇ ಬಾಕಿ! ಎಲ್ಲ ಖಾತೆಗಳನ್ನು ತಾಳೆ ನೋಡುವ ಪಟ್ಟಿ, ಅಂದರೆ ಟ್ರಯಲ್ ಬ್ಯಾಲೆನ್ಸ್, ನೋಡಿದರೆ ಡೆಬಿಟ್ಟೂ ಕ್ರೆಡಿಟ್ಟೂ ಸರಿಸಮ. ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲೇ ಅಚ್ಚು ಹಾಕಿಸಿದ, ಪ್ರತಿ ವ್ಯವಹಾರವನ್ನೂ ಡೆಬಿಟ್ಟಿನಲ್ಲೂ ಕ್ರೆಡಿಟ್ಟಿನಲ್ಲೂ ಬರೆಯುವ ಜೋಡಿ ನಮೂದಿನ ಪದ್ಧತಿಗೆ ಎರಡೂ ಬದಿ ತಾಳೆಯಾದರೆ ಸಾಕು. ಒಂದೇ ಪಾವತಿಯನ್ನು ಮೂರು ಸಲ ಬರೆದರೆ ಮೂರು ಸಲವೂ ತಾಳೆಯಾಗುತ್ತದೆ.

“ತಪ್ಪನ್ನ ಇಷ್ಟು ನೀಟಾಗಿ ಮಾಡೋರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲಪ್ಪ,” ಅಂದರು ಲೆಕ್ಕ ವಿಭಾಗದ ಹಿರಿಯ ಮೇಡಂ.

ಈಗ ಆ ಟೂಲಿನ ವಿವರಣೆ ಹೀಗಿದೆ: ‘ಗಿರಾಕಿಯಿಂದ ಈಗಾಗಲೇ ಬಂದಿರುವ ಹಣವನ್ನು ಇನ್‌ವಾಯ್ಸಿನ ಎದುರು ದಾಖಲಿಸುತ್ತದೆ. ಬ್ಯಾಂಕಿನಿಂದ ಹಣ ವರ್ಗಾಯಿಸುವುದಿಲ್ಲ. ಸರಬರಾಜುದಾರರಿಗೆ ಕೊಟ್ಟ ಹಣಕ್ಕೆ ಇದನ್ನು ಬಳಸಬೇಡ. ಟೈಮ್‌ಔಟ್ ಆದರೆ, ಮತ್ತೆ ಕರೆಯುವ ಮುಂಚೆ ಆ ಇನ್‌ವಾಯ್ಸಿನ ಪಾವತಿಗಳನ್ನು ತೆಗೆದು ನೋಡು.’ ಹಾಗಂತ ವಿವರಣೆಯಲ್ಲಿ ಬೇಡಿಕೊಂಡರೆ ಸಾಲದು. ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಅಂಟಿಸಿ, ಅದೇ ಸಂಖ್ಯೆ ಎರಡನೇ ಸಲ ಬಂದರೆ ದಾಖಲಿಸದಂತೆ ಕೋಡಿನಲ್ಲೂ ಬೀಗ ಹಾಕಿಸಿದೆವು.

ದಿನಾಂಕದ್ದು ಇನ್ನೊಂದು ಗೋಳು. 03/04 ಅಂದರೆ ಏಪ್ರಿಲ್ 3 ಅನ್ನುವವರಿದ್ದಾರೆ, ಮಾರ್ಚ್ 4 ಅನ್ನುವವರೂ ಇದ್ದಾರೆ. ಮನುಷ್ಯನಾದರೆ ತಲೆ ಕೆರೆದುಕೊಂಡು ಕೇಳುತ್ತಾನೆ. ಎಐ ಎಷ್ಟೋ ಸಲ ಯಾವುದೋ ಒಂದನ್ನು ಆರಿಸಿಕೊಂಡು, ಎಲ್ಲ ಬಲ್ಲವರ ಗತ್ತಿನಲ್ಲಿ ಮುಂದೆ ನಡೆಯುತ್ತದೆ. ಅದಕ್ಕೇ ‘ವರ್ಷ-ತಿಂಗಳು-ದಿನ, ಉದಾಹರಣೆಗೆ 2025-04-03’ ಅಂತ ಬಿಡಿಸಿ ಬರೆಯುವುದು. ಮೊತ್ತವೂ ಹಾಗೇ. ಕೆಲವು ಸಾಫ್ಟ್‌ವೇರ್‌ಗಳು ದಶಾಂಶದ ತಂಟೆಯೇ ಬೇಡವೆಂದು ಎಲ್ಲವನ್ನೂ ಪೈಸೆಯಂಥ ಚಿಲ್ಲರೆ ನಾಣ್ಯದಲ್ಲಿ ಎಣಿಸುತ್ತವೆ. ಅಲ್ಲಿ 500 ಅಂದರೆ 5 ರೂಪಾಯಿ. ಹೇಳದಿದ್ದರೆ ಲೆಕ್ಕ ನೂರುಪಟ್ಟು ಆಚೀಚೆ.

‘ಡಿಲೀಟ್ ಇನ್‌ವಾಯ್ಸ್’ ಟೂಲ್ ಕಂಡಾಗ ಮೇಡಂ ಕುರ್ಚಿಯಿಂದಲೇ ಎದ್ದರು. “ಪೋಸ್ಟ್ ಆಗಿರೋ ಇನ್‌ವಾಯ್ಸನ್ನ ಅಳಿಸೋದಾ? ಯಾರು ಹೇಳಿಕೊಟ್ಟರಪ್ಪ ನಿಮಗೆ? ಕ್ರೆಡಿಟ್ ನೋಟ್ ಯಾಕಿರೋದು?” ಇನ್ನೂ ಕರಡಿನಲ್ಲೇ ಇರುವ ಡ್ರಾಫ್ಟ್ ಆದರೆ ಅಳಿಸು, ಪೋಸ್ಟ್ ಆಗಿದ್ದರೆ, ಅಂದರೆ ಪುಸ್ತಕಕ್ಕೆ ಏರಿದ್ದರೆ, ಆ ಮೊತ್ತವನ್ನು ವಜಾ ಮಾಡುವ ಕ್ರೆಡಿಟ್ ನೋಟ್ ಮಾಡು ಅಂತ ಬರೆದರೆ ಮುಗಿಯುತ್ತಿತ್ತು. ಆದರೆ ಮೇಡಂ “ನೀವು ಬಿಡಿ, ನಾನೇ ಬರೀತೀನಿ” ಅಂತ ಕೂತರು. ನಿಯಮ, ಅದಕ್ಕೊಂದು ವಿನಾಯಿತಿ, ವಿನಾಯಿತಿಗೊಂದು ಷರತ್ತು. ಕೊನೆಯಲ್ಲಿ ‘ಯಾವುದೇ ಟೂಲ್ ಬಳಸುವ ಮುನ್ನ ಕೇಳತಕ್ಕದ್ದು’.

ಎಐ ಅಕ್ಷರಶಃ ಪಾಲಿಸಿತು. ಈ ತಿಂಗಳ ಮಾರಾಟ ಎಷ್ಟು ಅಂದರೆ, “ನೋಡಬಹುದೇ?” ನೋಡು ಅಂದರೆ, “ನೋಡಿದೆ, ಹೇಳಬಹುದೇ?” ನಾವು ತಲೆ ಚಚ್ಚಿಕೊಂಡರೆ ಮೇಡಂಗೆ ಖುಷಿಯೋ ಖುಷಿ. “ಹೊಸಬರು ಹೀಗೇ ಇರಬೇಕು,” ಅಂದರು. ಬಹಳ ಚೌಕಾಸಿಯ ಮೇಲೆ, ಬರೀ ನೋಡುವ ಟೂಲಿಗೆ ಕೇಳಬೇಡ, ಪುಸ್ತಕ ಬದಲಿಸುವ ಟೂಲಿಗೆ ಮಾತ್ರ ಕೇಳು ಅನ್ನುವಲ್ಲಿಗೆ ರಾಜಿಯಾಯಿತು.

ಹುಡುಗರೂ ಸುಧಾರಿಸಿದ್ದಾರೆ. ಈಗ ಎರಡು ಪದ ಗೀಚುವುದಿಲ್ಲ, ವಿವರಣೆಯನ್ನು ಎಐ ಕೈಲೇ ಬರೆಸಿಕೊಂಡು ಬರುತ್ತಾರೆ. ಅದರಲ್ಲಿ ‘ಸಮಗ್ರ’ ಇರುತ್ತದೆ, ‘ಸಮರ್ಥ’ ಇರುತ್ತದೆ, ‘ತಡೆರಹಿತ’ವೂ ಇರುತ್ತದೆ. ದಿನಾಂಕ ಯಾವ ರೂಪದಲ್ಲಿ ಕೊಡಬೇಕು ಅನ್ನುವುದೊಂದು ಇರುವುದಿಲ್ಲ.