ಬರ್ಲಿ, ಬರ್ಲಿ

ಮೊಸರಿಗೋಸ್ಕರ ಮೋಟರ್‌ಹೋಮ್ ಮಾರಿದವರು ನಾವು. ಅಡುಗೆಮನೆ, ಹಾಸಿಗೆ ಎಲ್ಲ ಒಳಗೇ ಇರುವ ಗಾಡಿ ಅದು. ಕ್ಯಾಂಪ್‌ಗ್ರೌಂಡಿಗೆ ಹೋದಮೇಲೆ ಒಂದು ಡಬ್ಬಿ ಮೊಸರು ಬೇಕೆಂದರೆ ನೀರಿನ ಪೈಪು ಬಿಚ್ಚಬೇಕು, ಕರೆಂಟಿನ ವೈರು ಸುತ್ತಬೇಕು, ಒಗ್ಗರಣೆ ಬಾಣಲೆ ಭದ್ರ ಮಾಡಬೇಕು, ಪಕ್ಕಕ್ಕೆ ಚಾಚಿದ ಸ್ಲೈಡ್‌ಔಟ್ ಕೋಣೆ ಒಳಗೆಳೆಯಬೇಕು. ಆಮೇಲೆ ಇಡೀ ಮನೆಯೇ ಅಂಗಡಿಗೆ ಹೊರಡಬೇಕು. ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಮನೆ ಆದರೆ ಅದನ್ನು ಅಲ್ಲೇ ಬಿಟ್ಟು ಪಿಕಪ್ಪಿನಲ್ಲಿ ಹೋಗಿಬರಬಹುದು ಅಂತ ನಮ್ಮ ಯಜಮಾನರು ಲೆಕ್ಕ ಹಾಕಿದರು. ಲೆಕ್ಕವೇನೋ ಸರಿ. ಟ್ರೇಲರನ್ನು ಆ ಜಾಗಕ್ಕೆ ಸೇರಿಸುವವರು ಯಾರು ಅನ್ನೋದನ್ನು ಮಾತ್ರ ಲೆಕ್ಕಕ್ಕೆ ತಗೊಂಡಿರಲಿಲ್ಲ.

ನಾನು, ಇನ್ಯಾರು? ಅವರಿಗೆ ಕತ್ತು ಹಿಡಿದಿದೆಯಂತೆ, ಹಿಂದೆ ತಿರುಗೋಕಾಗಲ್ಲವಂತೆ.

ಹಿಂದಕ್ಕೆ ಹೋಗುವಾಗ ಟ್ರೇಲರ್ ಶುದ್ಧ ತಲೆತಿರುಕ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೊರಡುತ್ತದೆ. ಸ್ಟಿಯರಿಂಗಿನ ಕೆಳಭಾಗ ಹಿಡಿದು, ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸಬೇಕು. ಇಷ್ಟು ನನಗೆ ಬಂದುಬಿಟ್ಟಿದೆ. ಯಜಮಾನರನ್ನು ಏನು ಮಾಡಬೇಕು ಅನ್ನೋದೇ ನನಗೆ ಗೊತ್ತಾಗ್ತಿಲ್ಲ.

ಕಳೆದ ಶನಿವಾರ ಪಿನಕಲ್ಸ್ ನ್ಯಾಷನಲ್ ಪಾರ್ಕಿನಲ್ಲಿ ದಾರಿ ತೋರಿಸೋಕೆ ಇಳಿದವರು ಎರಡು ಕನ್ನಡಿಗೂ ಕಾಣದ ಒಂದೇ ಒಂದು ಜಾಗ ಹುಡುಕಿ ನಿಂತರು. ಅಲ್ಲಿಂದ "ಬರ್ಲಿ, ಬರ್ಲಿ."

"ಯಾವ ಕಡೆ ರೀ?"

"ಈ ಕಡೆ! ನನ್ನ ಕೈ ನೋಡು!"

"ನೀವೇ ಕಾಣ್ತಿಲ್ಲ!"

"ಅದಕ್ಕೇ ಕೈ ನೋಡು ಅಂದಿದ್ದು!"

ನಮ್ಮೂರ ಕಂಡಕ್ಟರ್ ಆದರೂ ಬಸ್ಸಿನ ಬೆನ್ನು ತಟ್ಟಿ ಸದ್ದು ಮಾಡ್ತಾನೆ. ಇವರು ಇದ್ದಕ್ಕಿದ್ದಂತೆ ಸುಮ್ಮನಾದರು. ಇಳಿದು ಹೋಗಿ ನೋಡಿದರೆ ಪಕ್ಕದ ಸೈಟಿನವನಿಗೆ ಪಾಠ ನಡೀತಿದೆ: ಟ್ರೇಲರ್ ಸಿಕ್ಕಿಸುವ ಹಿಚ್ಚಿನ ಗುಂಡು 2 5/16 ಇಂಚು, ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಹಿಚ್ಚಿನ ಮೇಲೆ ಬೀಳಬೇಕು, ಇಲ್ಲದಿದ್ದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಎದುರಿನ ಸೈಟಿನ ದಂಪತಿ ಆಗಲೇ ಕುರ್ಚಿಗಳನ್ನು ನಮ್ಮ ಕಡೆ ತಿರುಗಿಸಿಕೊಂಡಿದ್ದರು. ಮತ್ತೆ ಹತ್ತಿದೆ. ಮತ್ತೆ "ಬರ್ಲಿ, ಬರ್ಲಿ." ಪಿಕ್ನಿಕ್ ಮೇಜಿಗೆ ಬಂಪರ್ ದಡ್ಡನೆ ತಾಗಿದ ಮೇಲೆ, ತುಂಬ ಗಂಭೀರವಾಗಿ, "ಸಾಕು."

ಮೋಟರ್‌ಹೋಮಿನಲ್ಲಿ ಇನ್ನೊಂದು ಸುಖವಿತ್ತು. ಶಿವಮೊಗ್ಗದಿಂದ ಅಮ್ಮ ಬಂದಿದ್ದಾಗ ಹಿಂದಿನ ಊಟದ ಮೇಜಿನ ಹತ್ತಿರ ಬೆಲ್ಟ್ ಕಟ್ಟಿಕೊಂಡು ಕೂತು, ದಾರಿಯುದ್ದಕ್ಕೂ "ಕಾಫಿ ಬಗ್ಗಿಸ್ಲೇನೇ?" ಅಂತ ಕೇಳ್ತಿದ್ದಳು. ನಮ್ಮಂಥ ಟ್ರೇಲರ್ ಓಡುವಾಗ ಅದರೊಳಗೆ ಯಾರೂ ಕೂರುವ ಹಾಗಿಲ್ಲ, ಅದು ಕ್ಯಾಲಿಫೋರ್ನಿಯಾದ ಕಾನೂನು. ವೇಗವೂ 55 ಮೈಲಿ ದಾಟಬಾರದು. ಅಮ್ಮನಿಗಂತೂ ಮಂಡಿನೋವು, ಇನ್ನು ಅಷ್ಟು ದೂರ ಬರಲ್ಲ ಅಂದಿದ್ದಾಳೆ. ಆದರೂ ಗಂಟೆಗಟ್ಟಲೆ ನಿಧಾನಕ್ಕೆ ಓಡಿಸುವಾಗ ಹಿಂದಿನಿಂದ ಯಾರಾದರೂ ಕಾಫಿ ಬೇಕಾ ಅಂತ ಕೇಳಿದರೆ ಚೆನ್ನಾಗಿತ್ತು ಅನಿಸುತ್ತದೆ.

ಪಕ್ಕದಲ್ಲಿರುವವರು ಕೇಳಲ್ಲ, ಗೊರಕೆ ಹೊಡೀತಾರೆ. ಕತ್ತು ಆಗ ಮಾತ್ರ ಯಾವ ಕಡೆಗೆ ಬೇಕಾದರೂ ವಾಲುತ್ತದೆ.

ನಿನ್ನೆ ಒಂದು ಪಾರ್ಸೆಲ್ ಬಂತು. ವಾಕಿಟಾಕಿ ಜೋಡಿ. ಅವರು ಹೇಳೋದು ನನಗೆ ಕೇಳಿಸ್ತಿಲ್ಲ ಅನ್ನೋದೇ ಸಮಸ್ಯೆ ಅಂತ ತಿಳಿದಿದ್ದಾರೆ.