ತೌಡು ಹಸುಗೆ, ಬಿಲ್ಲು ನಮಗೆ

ಈಗ ಎಲ್ಲಿ ನೋಡಿದ್ರೂ ಫೈಬರ್ ಫೈಬರ್, ಅಂದ್ರೆ ಊಟದಲ್ಲಿರೋ ನಾರು. ರೀಲ್ಸ್ ತೆಗೆದ್ರೆ ಫೈಬರ್, ಆಫೀಸಿನ ವೆಲ್‌ನೆಸ್ ಸೆಷನ್ನಲ್ಲೂ ಫೈಬರ್, ಸೆಷನ್ ಮುಗಿದ್ಮೇಲೆ ಕೈಗೆ ಕೊಡೋದು ಮಾತ್ರ ಮೈದಾ ಪಫ್ಸು.

ನಮ್ ವ್ಯವಹಾರ ನೋಡಿ ಸ್ವಲ್ಪ. ಅಕ್ಕಿ ಮಲ್ಲಿಗೆ ಥರ ಬೆಳ್ಳಗಿರ್ಬೇಕು ಅಂತ ಮಿಲ್ಲಲ್ಲಿ ಪಾಲಿಶ್ ಹೊಡೆಸ್ತೀವಿ, ನಾರಿರೋ ತೌಡು ಹಸುಗೆ ಹೋಗುತ್ತೆ, ಹಸು ನೆಮ್ಮದಿಯಾಗಿ ಮೆಲುಕು ಹಾಕ್ತಾ ಮಲಗಿರುತ್ತೆ, ನಾವು ಒಂದೂವರೆಗೆ ಗಡದ್ದಾಗಿ ಅನ್ನ ಹೊಡೆದು ನಾಲ್ಕಕ್ಕೆಲ್ಲ ಏನಾದ್ರೂ ಇದ್ಯಾ ಅಂತ ಡಬ್ಬ ತಡಕ್ತೀವಿ. ಆಮೇಲೆ ಅಂಗಡೀಗ್ ಹೋಗಿ ಫೈಬರ್ ಪೌಡರ್ ಕೊಳ್ತೀವಿ. ತೌಡು ಕುಟ್ಟೋದು ಅಂದ್ರೆ ಇದೇ ನೋಡಿ.

ನಾರು ಮಾಡೋ ಕೆಲಸ ಏನ್ ಕಮ್ಮಿ ಇಲ್ಲ. ಓಟ್ಸು, ಮೆಂತ್ಯದಂಥವುಗಳ ನಾರು ನೀರು ಹೀರ್ಕೊಂಡು ಲೋಳೆ ಆಗಿ ಹೊಟ್ಟೆಯಿಂದ ಊಟ ಕೆಳಗಿಳಿಯೋದನ್ನೇ ನಿಧಾನ ಮಾಡುತ್ತೆ, ಆಮೇಲೆ ದೊಡ್ಡ ಕರುಳಲ್ಲಿ ಬ್ಯಾಕ್ಟೀರಿಯಾಗಳು ಅದನ್ನ ಹುಳಿಸಿದಾಗ ಜಿಎಲ್‌ಪಿ-1 ಥರದ ಹಾರ್ಮೋನುಗಳು ಹೊರಟು ಸಾಕು ಮಾರಾಯಾ ಏಳು ಅಂತ ಮೆದುಳಿಗೆ ಸುದ್ದಿ ಮುಟ್ಟಿಸುತ್ವೆ. ಈಗ ತೂಕ ಇಳಿಸೋಕೆ ಸಾವಿರಾರು ರೂಪಾಯಿ ಇಂಜೆಕ್ಷನ್ ಬಂದಿದ್ಯಲ್ಲ, ಅದೂ ಇದೇ ಹಾರ್ಮೋನಿನ ವೇಷ ಹಾಕ್ಕೊಂಡು ಬರೋದು. (ಹಂಗಂತ ಸೊಪ್ಪು ತಿಂದ್ರೆ ಇಂಜೆಕ್ಷನ್ ಅಷ್ಟೇ ಕೆಲಸ ಮಾಡುತ್ತೆ ಅಂತ ಯಾರಾದ್ರೂ ರೀಲ್ ಬಿಟ್ರೆ ನಂಬ್ಬೇಡಿ, ಅಷ್ಟು ಜೋರಿಲ್ಲ.)

ನನಗೆ ತುಂಬಾ ಇಷ್ಟ ಆಗೋದು ಹೈ ಫೈಬರ್ ಬಿಸ್ಕೆಟ್ಟು. ಪ್ಯಾಕೆಟ್ ಮುಂದೆ ಗೋಧಿ ತೆನೆ, ಕಂದು ಬಣ್ಣ, ಹಿಂದೆ ತಿರುಗಿಸಿ ಕಣ್ಣು ಕಿರಿದು ಮಾಡ್ಕೊಂಡು ಓದಿದ್ರೆ ಎಷ್ಟೋ ಸಲ ಮೊದಲನೇ ಹೆಸರೇ ಮೈದಾ, ಆಮೇಲೆ ಎಣ್ಣೆ, ಸಕ್ಕರೆ, ತೌಡು ಎಲ್ಲೋ ಹಿಂದಿನ ಬೆಂಚಲ್ಲಿ. ಎಫ್‌ಎಸ್‌ಎಸ್‌ಎಐ ಅಂತ ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಇದೆಯಲ್ಲ, ಅದರ ರೂಲ್ಸ್ ಪ್ರಕಾರ 100 ಗ್ರಾಮಿಗೆ 6 ಗ್ರಾಂ ನಾರಿದ್ರೆ ಹೈ ಫೈಬರ್ ಅಂತ ಬರ್ಕೋಬಹುದು. ದೊಡ್ಡೋರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು, ಅದೂ ಆಹಾರದಲ್ಲಿ ತಾನಾಗೇ ಇರೋ ನಾರು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳ್ತು. ಲೆಕ್ಕ ಹಾಕಿ, 100 ಗ್ರಾಮಿಗೆ 6 ಗ್ರಾಂ ನಾರಿರೋ ಬಿಸ್ಕೆಟ್ಟಲ್ಲೇ ಕೋಟಾ ಮುಗಿಸ್ತೀನಿ ಅಂದ್ರೆ ನಾನೂರು ಗ್ರಾಮಿಗೂ ಜಾಸ್ತಿ ತಿನ್ಬೇಕು. ಹೊಟ್ಟೆ ಖಂಡಿತ ತುಂಬುತ್ತೆ, ಜೊತೆಗೆ ಪ್ಯಾಂಟೂ ತುಂಬುತ್ತೆ.

ಅದೇ 100 ಗ್ರಾಂ ರಾಗಿಹಿಟ್ಟಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕೀಲಿ ಮೂರೂ ಇಲ್ಲ. ಆದ್ರೆ ಮುದ್ದೆ ಮೊದ್ಲು ಬಡವರ ಊಟ ಆಗಿತ್ತಲ್ಲ, 2023ನ್ನ ವಿಶ್ವಸಂಸ್ಥೆಯೋರು ಸಿರಿಧಾನ್ಯ ವರ್ಷ ಅಂದ್ಮೇಲೆ ಅದಕ್ಕೂ ಯೋಗ ಬಂತು, ಈಗ ರಾಗಿ ಕುಕೀಸು, ರಾಗಿ ಚಿಪ್ಸು, ಅದರಲ್ಲೂ ರಾಗಿ ಎಷ್ಟಿದೆ ಅಂತ ಭೂತಗನ್ನಡಿ ಹಿಡಿದು ನೋಡ್ಬೇಕು.

ಜ್ಯೂಸ್ ಅಂಗಡೀಲೂ ಇದೇ ಕಥೆ. ಹಣ್ಣು ರುಬ್ಬಿ, ಜರಡಿ ಹಿಡಿದು, ಸೌಟಲ್ಲಿ ಒತ್ತಿ ಒತ್ತಿ ಚರಟನೆಲ್ಲ ಬಕೆಟ್ಟಿಗೆ ಬಿಸಾಕ್ತಾರೆ, ಎದುರುಗಡೆ ಜಿಮ್ ಬ್ಯಾಗ್ ಹಾಕ್ಕೊಂಡೋರು 'ಅಣ್ಣಾ ಇನ್ನೊಂದ್ಸಲ ಸೋಸಿ' ಅಂತಾರೆ. ಮೂರು ಮೂಸಂಬಿ ಬಿಡಿಸಿ ತಿನ್ನೋಕೆ ಹೇಳಿ ನೋಡೋಣ, ಎರಡಕ್ಕೇ ಕೈ ಮುಗೀತಾರೆ. ಗ್ಲಾಸಲ್ಲಿ ಕೊಟ್ರೆ ಎರಡು ನಿಮಿಷ, ಆಮೇಲೆ ಪಕ್ಕದ ಗಾಡೀಲಿ ಗೋಬಿ.

ಇನ್ನು ಮದ್ವೆ ಊಟ. ಎಲೆಗೆ ಮೊದ್ಲು ಬೀಳೋದೇ ಕೋಸಂಬರಿ, ಪಲ್ಯ. ಅವೆರಡನ್ನೂ ಎಲೆ ಮೂಲೇಗೆ ತಳ್ಳಿ, ಮೂರು ಹೋಳಿಗೆ ತುಪ್ಪ ಸುರ್ಕೊಂಡು ತಿಂದು, ಅನ್ನ ಸಾರು ಎರಡು ಸುತ್ತು ಹಾಕಿಸ್ಕೊಂಡು, ಎಲೆ ಮಡಚಿ ಎದ್ದೋರು ಕೈ ತೊಳೆಯೋ ನಲ್ಲಿ ಹತ್ರ ಪಕ್ಕದೋರನ್ನ ಕೇಳ್ತಿರ್ತಾರೆ, ಸಾರ್ ಆ ಫೈಬರ್ ಪೌಡರ್ ತಗೋತೀರಲ್ಲ, ಊಟಕ್ ಮುಂಚೇನಾ, ಊಟ ಆದ್ಮೇಲಾ?