ಟಾನಿಕ್ ಬಾಟಲಿಗಿಂತ ಮೊದಲು ಮೇವಿನ ಚೀಲ ನೋಡಿ

ಬ್ರಾಯ್ಲರ್ ಸಾಕುವವರ ಜೊತೆ ಮಾತಿಗೆ ಕೂತರೆ ಟಾನಿಕ್ ವಿಷಯ ಬಂದೇ ಬರುತ್ತದೆ. ಮರಿ ಮಂಕಾಗಿದೆ, ಯಾವ ವಿಟಮಿನ್ ಹಾಕಲಿ? ತೂಕ ಬರ್ತಿಲ್ಲ, ಯಾವ ಗಿಡಮೂಲಿಕೆ ಒಳ್ಳೇದು? ನಾನೂ ಹೀಗೇ ಕೇಳುತ್ತಿದ್ದವನು. ಈಗ ಅನ್ನಿಸುತ್ತದೆ, ವಿಟಮಿನ್ನನ್ನೂ ಗಿಡಮೂಲಿಕೆ ಸಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೇ ನಮ್ಮ ತಪ್ಪು. ವಿಟಮಿನ್ ಇಲ್ಲದೆ ಕೋಳಿ ಬದುಕುವುದಿಲ್ಲ. ಸಾರ ಇಲ್ಲದೆ ಬದುಕುತ್ತದೆ.

ಅಷ್ಟಕ್ಕೂ ವಿಟಮಿನ್ ಅನ್ನೋದೊಂದಿದೆ ಅಂತ ಮನುಷ್ಯನಿಗೆ ಗೊತ್ತಾಗಿದ್ದರಲ್ಲಿ ಕೋಳಿಯ ಪಾಲು ದೊಡ್ಡದು. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತುಹೋಗುವುದನ್ನು ನೋಡಿದರು. ತೌಡು ಉಳಿದ ಅಕ್ಕಿ ಕೊಟ್ಟಾಗ ಸುಧಾರಿಸಿದವು. ಅದು ವಿಟಮಿನ್ ಬಿ1 ಕೊರತೆ. ವಿಟಮಿನ್ ಕೆ ಸಿಕ್ಕಿದ್ದೂ ಕೋಳಿಮರಿಗಳ ರಕ್ತಸ್ರಾವದ ಕಾರಣ ಹುಡುಕುವಾಗಲೇ.

ಇವತ್ತೂ ಮರಿಯ ಮೈ ನೋಡಿದರೆ ಸುಳಿವು ಸಿಗುತ್ತದೆ. ಬಿ2 ಸಾಲದಿದ್ದರೆ ಕಾಲ್ಬೆರಳು ಒಳಕ್ಕೆ ಮುದುಡುತ್ತವೆ. ಇ ಸಾಲದಿದ್ದರೆ ಮೆದುಳಿಗೇ ಪೆಟ್ಟು, ಮರಿ ತೂರಾಡಿ ಬೀಳುತ್ತದೆ. ಡಿ ಸಾಲದಿದ್ದರೆ ಮೂಳೆ ಮೆತ್ತಗಾಗುತ್ತದೆ. ಇಲ್ಲೊಂದು ಮಾತು: ವಿಟಮಿನ್ ಡಿಯಲ್ಲಿ ಡಿ2, ಡಿ3 ಅಂತ ಎರಡು ರೂಪ. ಕೋಳಿಗೆ ಡಿ2 ಅಷ್ಟಾಗಿ ದಕ್ಕುವುದಿಲ್ಲ, ಲೇಬಲ್ ಮೇಲೆ ಡಿ3 ಅಂತಲೇ ಇರಬೇಕು.

ಒಳ್ಳೆಯ ಮೇವಿನಲ್ಲಿ ಇದೆಲ್ಲ ಮೊದಲೇ ಬೆರೆತಿರುತ್ತದೆ. ಹಾಗಿದ್ದರೂ ಕೊರತೆ ಯಾಕೆ? ಎಷ್ಟೋ ಸಲ ಕಾರಣ ಚೀಲದೊಳಗೇ ಇರುತ್ತದೆ. ವಿಟಮಿನ್, ಖನಿಜ, ಕೋಲಿನ್ ಕ್ಲೋರೈಡ್ ಎಂಬ ಪೋಷಕಾಂಶ, ಮೂರೂ ಒಂದೇ ಪ್ರೀಮಿಕ್ಸ್‌ನಲ್ಲಿ (ಮೇವಿಗೆ ಸೇರಿಸುವ ಮಿಶ್ರಣದಲ್ಲಿ) ಬೆರೆತು, ಸೆಕೆಯಲ್ಲಿ ತಿಂಗಳುಗಟ್ಟಲೆ ಕೂತರೆ ವಿಟಮಿನ್ ಸತ್ವ ಕಳೆದುಕೊಳ್ಳುತ್ತದೆ. ಚೀಲದ ತಾರೀಖು ನೋಡದೆ ನೀರಿನ ಟ್ಯಾಂಕಿಗೆ ಟಾನಿಕ್ ಸುರಿದರೆ ಏನು ಬಂತು? ಸುರಿದದ್ದೂ ಪೂರ್ತಿ ಕೋಳಿಗೆ ಸೇರುವುದಿಲ್ಲ. ಬಿಸಿಲಿಗೆ ಬಿ2 ಹಾಳು, ಕ್ಲೋರಿನ್ ನೀರಿಗೆ ಸಿ ಹಾಳು.

ನನ್ನ ದೊಡ್ಡ ತಪ್ಪು ಒಂದಿದೆ, ಹೇಳಲೇಬೇಕು. ಒಂದು ಬ್ಯಾಚ್‌ಗೆ ಕಾಕ್ಸಿಡಿಯೋಸಿಸ್ ಬಂತು, ಪರೋಪಜೀವಿಯಿಂದ ಬರುವ ಕರುಳಿನ ರೋಗ. ರಕ್ತಭೇದಿ. ಅದಕ್ಕೆ ಆಂಪ್ರೋಲಿಯಂ ಅನ್ನೋ ಔಷಧಿ ಕೊಟ್ಟೆ. ಮರಿ ಸೋತಿವೆಯಲ್ಲ ಅಂತ ಅದೇ ದಿನಗಳಲ್ಲಿ ಬಿ ಕಾಂಪ್ಲೆಕ್ಸ್ ಕೂಡ ಕೊಟ್ಟೆ. ಆಂಪ್ರೋಲಿಯಂ ಕೆಲಸ ಮಾಡುವುದೇ ಬಿ1ನ ವೇಷ ಹಾಕಿಕೊಂಡು. ಪರೋಪಜೀವಿಗೆ ಬಿ1 ಸಿಗದ ಹಾಗೆ ಅದು ಅಡ್ಡ ನಿಲ್ಲುತ್ತದೆ. ನಾನು ಮೇಲಿಂದ ನಿಜವಾದ ಬಿ1 ಸುರಿದು ಔಷಧಿಯ ಬಲ ಕುಗ್ಗಿಸಿದ್ದೆ. ಎರಡನ್ನೂ ಮಾರಿದವರು ಒಂದು ಮಾತು ಹೇಳಲಿಲ್ಲ. ನಾನೂ ಕೇಳಲಿಲ್ಲ. ಸತ್ತ ಮರಿಗಳನ್ನು ಎತ್ತಿ ಹಾಕಿದ ಬೆಳಿಗ್ಗೆಗಳು ಇನ್ನೂ ನೆನಪಿವೆ.

ಎ ಜಾಸ್ತಿಯಾದರೂ ತೊಂದರೆಯೇ. ಡಿ, ಇ, ಕೆ ಮೈಗೆ ಹತ್ತುವುದಕ್ಕೆ ಅದು ಅಡ್ಡಿ. ಸಿ ವಿಷಯ ಬೇರೆ. ಕೋಳಿ ಅದನ್ನು ತನ್ನ ಮೂತ್ರಪಿಂಡದಲ್ಲೇ ತಯಾರಿಸಿಕೊಳ್ಳುತ್ತದೆ. ಕಡು ಬೇಸಿಗೆಯಲ್ಲಿ ಮಾತ್ರ ಅದು ಸಾಲದೆ ಬರಬಹುದು, ಆಗ ಹೊರಗಿನಿಂದ ಕೊಡುವುದರಲ್ಲಿ ಅರ್ಥವಿದೆ.

ಇನ್ನು ಗಿಡಮೂಲಿಕೆ. ಬೆಳವಣಿಗೆಗೆಂದು ಮೇವಿಗೆ ಆಂಟಿಬಯೋಟಿಕ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರ ಜನವರಿಯಿಂದ ನಿಲ್ಲಿಸಿತು. ಸ್ವೀಡನ್ 1986ರಲ್ಲೇ ನಿಲ್ಲಿಸಿತ್ತು. ಅದು ಸರಿಯಾದ ನಿರ್ಧಾರ ಅಂತ ನಾನು ನಂಬುತ್ತೇನೆ. ಆ ಜಾಗ ತುಂಬಲು ಬಂದವೇ ಓರೆಗಾನೊ, ಥೈಮ್, ದಾಲ್ಚಿನ್ನಿ, ಬೆಳ್ಳುಳ್ಳಿ. ಇವು ಬರೀ ಮಾತಲ್ಲ. ಓರೆಗಾನೊದ ಕಾರ್ವಕ್ರೋಲ್, ಥೈಮ್‌ನ ಥೈಮೋಲ್ ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಹಾಳು ಮಾಡುತ್ತವೆ. ಆದರೆ ಪ್ರಯೋಗಾಲಯದ ತಟ್ಟೆ ಬೇರೆ, ಕೋಳಿಯ ಕರುಳು ಬೇರೆ. ಒಂದು ಕಡೆ ತೂಕ ಹೆಚ್ಚುತ್ತದೆ, ಇನ್ನೊಂದು ಕಡೆ ಏನೂ ಆಗುವುದಿಲ್ಲ. ಗಿಡ ಬೆಳೆದ ಮಣ್ಣು, ಕೊಯ್ದ ಸಮಯ, ಸಾರ ತೆಗೆದ ರೀತಿ ಬದಲಾದರೆ ಒಳಗಿನ ಅಂಶವೂ ಬದಲಾಗುತ್ತದೆ. ಮೇವನ್ನು ಪೆಲೆಟ್ (ಗುಳಿಗೆ) ಮಾಡುವಾಗಿನ ಬಿಸಿಗೆ ಗಿಡಮೂಲಿಕೆಯ ಎಣ್ಣೆ ಹಾರಿಹೋಗುತ್ತದೆ, ಅದಕ್ಕೇ ಒಳ್ಳೆಯದಕ್ಕೆ ಲೇಪನ ಇರುತ್ತದೆ. ಹಾಗಾಗಿ ಬಾಟಲಿ ಮೇಲೆ ಎಲೆಯ ಚಿತ್ರ ಇದ್ದರೆ ಸಾಲದು. ಯಾವ ಅಂಶ, ಎಷ್ಟು ಅಂತ ಬರೆದಿರಬೇಕು. ಬರೆಯದಿದ್ದರೆ ನಾನು ಕೊಳ್ಳುವುದಿಲ್ಲ. ಲಸಿಕೆಯ ಬದಲು ಕಷಾಯ ಸಾಕು ಅನ್ನುವವರ ಮಾತಂತೂ ಕೇಳಲೇಬೇಡಿ. ಗಂಬೋರೊ ಅನ್ನೋ ವೈರಸ್ ರೋಗ ಬಂದರೆ ಯಾವ ಸಾರವೂ ಕಾಯುವುದಿಲ್ಲ.

ಈಗ ಮರಿ ಮಂಕಾದರೆ ನಾನು ಮೊದಲು ಶೆಡ್ಡಿನೊಳಗೆ ಕುಕ್ಕರುಗಾಲಲ್ಲಿ ಕೂರುತ್ತೇನೆ. ಮರಿಯ ಮೂಗಿನ ಎತ್ತರದಲ್ಲಿ ಅಮೋನಿಯಾ ವಾಸನೆ ಇದೆಯಾ? ನೆಲಕ್ಕೆ ಹಾಸಿದ ಲಿಟರ್ ಒದ್ದೆಯಾ? ಮರಿ ನೀರು ಕುಡಿಯುವ ನಿಪ್ಪಲ್‌ನಲ್ಲಿ ನೀರು ಬರ್ತಿದೆಯಾ? ಆಮೇಲೆ ಮೇವಿನ ಚೀಲದ ತಾರೀಖು. ಆಮೇಲೆ ಪಶುವೈದ್ಯರಿಗೆ ಫೋನು.

ನಿಮ್ಮ ಶೆಡ್ಡಿನಲ್ಲಿ ಈಗ ಕಾಲಿನ ತೊಂದರೆ ಇದ್ದರೆ ಕೆಳಗೆ ಬರೆಯಿರಿ. ಮರಿಗೆ ಎಷ್ಟು ದಿನ, ಮೇವು ಯಾವ ತಾರೀಖಿನದು, ಟ್ಯಾಂಕಿಗೆ ಏನೇನು ಹಾಕಿದ್ದೀರಿ, ಮೂರನ್ನೂ ಬಿಡದೆ ಬರೆಯಿರಿ.